'ಯಾ, ನೋ' ಎಂದರೆ ತಪ್ಪಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆಯ ಕೆಲವು ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ 'ಯಾ, ನೋ' (yeah, no – ಹೌದು, ಇಲ್ಲ) ಎಂದು ಮಾತು ಶುರು ಮಾಡಿದವರನ್ನು ತಪ್ಪೆಂದು ತಿದ್ದುತ್ತಾರೆ. ಅದು ತಪ್ಪಲ್ಲ. ಮೊದಲ ಪದ ಎದುರಿನವರ ಮಾತಿಗೆ ಹೂಂಗುಟ್ಟುವುದು, ಎರಡನೆಯದು ವಿಷಯಕ್ಕೆ ಉತ್ತರ. ಬಸ್ಸು ರಶ್ ಇತ್ತೇನೋ ಎಂದು ಕೇಳಿದವರಿಗೆ 'ಯಾ, ನೋ, ಇಟ್ ವಾಸ್ ಫೈನ್' ಅಂದರೆ, ಹಾಗನ್ನಿಸುವುದು ಸಹಜ, ಆದರೆ ರಶ್ ಇರಲಿಲ್ಲ ಎಂದರ್ಥ. 'ನೋ, ಯಾ, ಐ ವಿಲ್ ಕಮ್' ಅಂದರೆ ಅನುಮಾನ ಬೇಡ, ಬರುತ್ತೇನೆ ಎಂದು. ಸಾಮಾನ್ಯವಾಗಿ ಕೊನೆಯ ಪದವೇ ಉತ್ತರ. ಭಾಷಾವಿಜ್ಞಾನಿಗಳಾದ ಕೇಟ್ ಬರಿಜ್ ಮತ್ತು ಮಾರ್ಗರೆಟ್ ಫ್ಲೋರಿ ಆಸ್ಟ್ರೇಲಿಯಾದ ಇಂಗ್ಲಿಷಿನಲ್ಲಿ ಇದರ ಬಳಕೆಯನ್ನು ಅಧ್ಯಯನ ಮಾಡಿ 2002ರಲ್ಲೇ ಲೇಖನ ಪ್ರಕಟಿಸಿದ್ದಾರೆ: ಒಪ್ಪಲು, ಒಪ್ಪದಿರಲು, ಎದುರಿನವರ ಮರ್ಯಾದೆ ಉಳಿಸಲು ಜನ ಇದನ್ನು ಬಳಸುತ್ತಾರೆ.

ಪದದ ನೇರ ಅರ್ಥವೇ ಬೇರೆ, ಮಾತಿನ ಅರ್ಥವೇ ಬೇರೆ ಆಗುವುದು ಹೊಸದಲ್ಲ. ನಮ್ಮಲ್ಲೂ ಹೊರಟವರು 'ಬರ್ತೀನ್ರಿ' ಅನ್ನುತ್ತಾರೆ, ದೀಪ ಆರಿಸುವುದಕ್ಕೆ 'ದೊಡ್ಡದು ಮಾಡು' ಅನ್ನುತ್ತಾರೆ. 'ಆಫುಲಿ ನೈಸ್' ಎಂಬುದು ನಮ್ಮ 'ಭಯಂಕರ ಚೆನ್ನಾಗಿದೆ'ಯ ಜಾತಿಯದೇ. ಭಯ ಸವೆದು ಒತ್ತು ಮಾತ್ರ ಉಳಿದಿದೆ.

ನಿಜವಾದ ತೊಡಕು ಬೇರೆ ಕಡೆ ಇದೆ, ತಿದ್ದಬೇಕಾದ್ದು ಅದನ್ನು. 'ಬರಲ್ವಾ?' ಅಂದರೆ ಕನ್ನಡದಲ್ಲಿ 'ಹೂಂ, ಬರಲ್ಲ' ಅನ್ನುತ್ತೇವೆ. ಪ್ರಶ್ನೆಯಲ್ಲಿರುವ ಊಹೆಯನ್ನು ಒಪ್ಪುತ್ತೇವೆ. ಇಂಗ್ಲಿಷ್ ಊಹೆಯನ್ನು ನೋಡುವುದಿಲ್ಲ, ಕ್ರಿಯಾಪದವನ್ನು ನೋಡುತ್ತದೆ: ಬರುವುದಿಲ್ಲವಾದರೆ 'ನೋ' ಮಾತ್ರ. ಸಂದರ್ಶನದಲ್ಲಿ 'ಯು ಹ್ಯಾವಂಟ್ ವರ್ಕ್ಡ್ ಬಿಫೋರ್?' ಎಂಬುದಕ್ಕೆ ಬರೀ 'ಯೆಸ್' ಅಂದರೆ ಕೆಲಸ ಮಾಡಿದ್ದೀರೋ ಇಲ್ಲವೋ ಕೇಳಿದವರಿಗೆ ತಿಳಿಯುವುದಿಲ್ಲ. 'ನೋ, ಐ ಹ್ಯಾವಂಟ್' ಎಂದು ಕ್ರಿಯಾಪದವನ್ನೂ ಸೇರಿಸಿದರೆ ಗೊಂದಲವಿಲ್ಲ. 'ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?' ಎಂಬುದಕ್ಕೆ ಒಳ್ಳೆಯ ಮನಸ್ಸಿನಿಂದಲೇ 'ಯೆಸ್' ಅಂದರೂ ಅಭ್ಯಂತರವಿದೆ ಎಂದಾಗುತ್ತದೆ. ಕೂರಲಿ ಎಂದಿದ್ದರೆ 'ನೋ, ನಾಟ್ ಅಟ್ ಆಲ್'. ವಿಚಿತ್ರವೆಂದರೆ 'ಶ್ಯೂರ್' ಅಂದರೂ ನಡೆಯುತ್ತದೆ, ಏಕೆಂದರೆ ಅದು ಪ್ರಶ್ನೆಯ ಪದಗಳಿಗಲ್ಲ, ಕೋರಿಕೆಗೆ ಕೊಟ್ಟ ಉತ್ತರ.

ಬರವಣಿಗೆಯಲ್ಲಿ ಮಾತ್ರ 'ಯಾ, ನೋ'ದಂಥ ಆಡುಮಾತು ಬೇಡ. 'ನನಗೇನೂ ಲೆಕ್ಕಕ್ಕಿಲ್ಲ' ಎಂಬರ್ಥದಲ್ಲಿ ಅಮೆರಿಕದವರು ಆಡುವ 'ಐ ಕುಡ್ ಕೇರ್ ಲೆಸ್' ಪರೀಕ್ಷೆಯಲ್ಲಿ 'ಕುಡಂಟ್' ಆಗಿಯೇ ಇರಬೇಕು.

ತರಗತಿಗಳು 'ಯಾ, ನೋ' ತಿದ್ದುವ ಸಮಯದಲ್ಲಿ ದಿನಕ್ಕೆ ಹತ್ತು 'ನಾಟ್' ಪ್ರಶ್ನೆ ಕೇಳಿಸಿ, ಕ್ರಿಯಾಪದ ಸಮೇತ ಬಾಯಲ್ಲಿ ಉತ್ತರ ಹೇಳಿಸಲಿ.

– ಇಂಗ್ಲಿಷ್ ಕಲಿಸುವ ಕೆಲವು ಶಿಕ್ಷಕರು, ದಾವಣಗೆರೆ