ಜೋರು ಮಳೆಯ ದಿನ ಮಕ್ಕಳನ್ನು ಕರೆದೊಯ್ಯಲು ಓಡಿ ಬರಬೇಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಮಳೆಗಾಲಕ್ಕೆ ಮೊದಲೇ ನಿಮ್ಮ ಜೊತೆ ಒಂದು ವಿಷಯ ಬಿಚ್ಚಿ ಮಾತಾಡಬೇಕಿದೆ. ಜೋರು ಮಳೆಯಾಗಿ ರಸ್ತೆಗೆ ನೀರು ನುಗ್ಗಿದ ದಿನ, ಆ ನೀರು ಇಳಿಯುವವರೆಗೆ ನಾವು ಮಕ್ಕಳನ್ನು ಮನೆಗೆ ಬಿಡುವುದಿಲ್ಲ. ಸಂಜೆಯಾದರೂ ಸರಿ, ರಾತ್ರಿಯಾದರೂ ಸರಿ, ಮೇಲಿನ ಮಹಡಿಯಲ್ಲಿ ಶಿಕ್ಷಕರ ಜೊತೆ ಇರುತ್ತಾರೆ. ನೀವೂ ನೀರು ದಾಟಿಕೊಂಡು ಶಾಲೆಗೆ ಬರಬೇಡಿ. ಮಗು ಒಂದು ಕಡೆ, ನಾವೊಂದು ಕಡೆ ಅಂದರೆ ಹೆತ್ತವರಿಗೆ ಜೀವ ನಿಲ್ಲುವುದಿಲ್ಲ, ಗೊತ್ತು. ಅದಕ್ಕೇ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲ ನೆರೆಯೂ ಒಂದೇ ಥರ ಅಲ್ಲ. ದೊಡ್ಡ ನದಿ ಉಕ್ಕಲು ಸಾಮಾನ್ಯವಾಗಿ ದಿನಗಳೇ ಹಿಡಿಯುತ್ತವೆ. ಮೇಲ್ಭಾಗದಲ್ಲಿ ನೀರು ಎಷ್ಟು ಏರಿದೆ ಅಂತ ಅಳೆದು, ಕೆಳಗಿನವರಿಗೆ ಮೊದಲೇ ಹೇಳಬಹುದು. ಸಾಮಾನು ಕಟ್ಟಿಕೊಂಡು ಹೊರಡಲು ಸಮಯ ಸಿಗುತ್ತದೆ. ಅದರ ಕಷ್ಟ ಏನಿದ್ದರೂ ಆಮೇಲೆ, ನೀರು ಬೇಗ ಇಳಿಯುವುದಿಲ್ಲ. 1993ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿ ಉಕ್ಕಿದಾಗ ಕೆಲವು ಕಡೆ ತಿಂಗಳುಗಟ್ಟಲೆ ನೀರು ನಿಂತಿತ್ತು. ಕಡಲತೀರದಲ್ಲಿ ಚಂಡಮಾರುತ ಸಮುದ್ರದ ನೀರನ್ನೇ ಒಳಗೆ ತಳ್ಳುತ್ತದೆ. ಅದೂ ಭಯಂಕರವೇ, ಆದರೆ ಚಂಡಮಾರುತ ಬರುವುದು ಈಗ ಸಾಮಾನ್ಯವಾಗಿ ಎರಡು ಮೂರು ದಿನ ಮೊದಲೇ ತಿಳಿಯುತ್ತದೆ.

ದಿಢೀರ್ ಪ್ರವಾಹ ಈ ಸಮಯವನ್ನೇ ಕೊಡುವುದಿಲ್ಲ. ಮಳೆ ಸುರಿದ ಆರು ಗಂಟೆಯೊಳಗೆ, ಎಷ್ಟೋ ಸಲ ಒಂದು ಗಂಟೆಯೂ ಆಗುವ ಮೊದಲೇ, ನೀರು ಬಂದು ಬಡಿಯುತ್ತದೆ. ಕಡಿದಾದ ಗುಡ್ಡ, ಕಿರಿದಾದ ಹಳ್ಳ, ನೀರು ಇಂಗದ ಕಾಂಕ್ರೀಟ್ ನೆಲ ಇದ್ದಲ್ಲಿ ಇನ್ನೂ ಬೇಗ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ಇಂಥ ಪ್ರವಾಹಗಳಿಗೆ ವರ್ಷಕ್ಕೆ 5,000ಕ್ಕೂ ಜಾಸ್ತಿ ಜನ ಬಲಿಯಾಗುತ್ತಾರೆ.

ನಮ್ಮ ತಲೆ ಮೇಲೆ ಮಳೆ ಇಲ್ಲ ಅಂತ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 2024ರ ಅಕ್ಟೋಬರ್ 29ರಂದು ಸ್ಪೇನಿನ ವೆಲೆನ್ಸಿಯಾ ಪ್ರಾಂತ್ಯದಲ್ಲಿ ಹೀಗೇ ಆಯಿತು. ಮಳೆ ಜಡಿದಿದ್ದು ಮೇಲಿನ ಗುಡ್ಡಗಳ ಕಡೆ. ಕೆಳಗಿನ ಕೆಲವು ಊರುಗಳಲ್ಲಿ ಮಳೆಯೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿಗೇ ಪ್ರವಾಹ ನುಗ್ಗಿತು. ಕಾರು ಉಳಿಸಿಕೊಳ್ಳೋಣ ಅಂತ ಬೇಸ್‌ಮೆಂಟಿಗೆ ಇಳಿದ ಕೆಲವರಿಗೆ ಮೇಲೆ ಬರಲಾಗಲಿಲ್ಲ. ಸತ್ತವರು 200ಕ್ಕೂ ಹೆಚ್ಚು.

ಇನ್ನೊಂದು ಹಳೆಯ ಘಟನೆ ಪ್ರತಿ ಮನೆಯಲ್ಲೂ ಹೇಳಬೇಕಾದ್ದು. 1976ರ ಜುಲೈ 31ರ ರಾತ್ರಿ ಅಮೆರಿಕದ ಕೊಲರಾಡೋದಲ್ಲಿ ಬಿಗ್ ಥಾಂಪ್ಸನ್ ಕಣಿವೆಯಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 300 ಮಿಲಿಮೀಟರ್ ಮಳೆ ಸುರಿಯಿತು. 140ಕ್ಕೂ ಹೆಚ್ಚು ಜನ ತೀರಿಹೋದರು. ಕಾರಿನಲ್ಲೇ ತಪ್ಪಿಸಿಕೊಳ್ಳಬಹುದು ಅಂತ ಕಣಿವೆಯ ರಸ್ತೆ ಹಿಡಿದ ಅನೇಕರನ್ನು ನೀರು ಬೆನ್ನಟ್ಟಿ ಹಿಡಿಯಿತು. ಗಾಡಿ ಬಿಟ್ಟು ಪಕ್ಕದ ಗುಡ್ಡ ಹತ್ತಿದ್ದರೆ ಸಾಕಿತ್ತು. ಆಮೇಲೆ ಅಲ್ಲಿನ ಕಣಿವೆಗಳ ರಸ್ತೆ ಪಕ್ಕ ಫಲಕಗಳನ್ನು ನೆಟ್ಟಿದ್ದಾರೆ: ಪ್ರವಾಹ ಬಂದರೆ ಮೇಲಕ್ಕೆ ಹತ್ತಿ.

ಇನ್ನು ಆಳದ ಮಾತು. ಹರಿಯುವ ನೀರನ್ನು ಕಣ್ಣಳತೆಯಲ್ಲಿ ನಂಬಲೇಬೇಡಿ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರನ್ನೇ ಕೆಡವುತ್ತದೆ. ನಮಗೆ ಪಾದದ ಗಂಟಿಗಿಂತ ಸ್ವಲ್ಪ ಮೇಲೆ ಬರುವ ಆ ನೀರು ಒಂದನೇ ತರಗತಿಯ ಮಗುವಿಗೆ ಮೊಣಕಾಲಿನ ಅರ್ಧದಷ್ಟು ಎತ್ತರಕ್ಕೆ ಬರುತ್ತದೆ. 30 ಸೆಂಟಿಮೀಟರ್‌ಗೆ ಸಣ್ಣ ಕಾರು ತೇಲತೊಡಗುತ್ತದೆ, 60ಕ್ಕೆ ದೊಡ್ಡ ಗಾಡಿಗಳೂ ಕೊಚ್ಚಿಹೋಗುತ್ತವೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ಅದು ಕೆಸರು ನೀರು. ಕೆಳಗೆ ಮ್ಯಾನ್‌ಹೋಲ್ ಬಾಯಿ ತೆರೆದಿದೆಯೋ, ರಸ್ತೆಯೇ ಕಿತ್ತುಹೋಗಿದೆಯೋ ಕಾಣುವುದಿಲ್ಲ. ಮುಂದಿನ ಗಾಡಿ ದಾಟಿತು ಅಂತ ನಾವೂ ಹೊರಡುತ್ತೇವೆ ನೋಡಿ, ನನಗೆ ಅತಿ ಹೆಚ್ಚು ಭಯ ಅದೇ. ಆ ಗಾಡಿ ದಾಟಿದ ಮೇಲೆ ನೀರು ಎಷ್ಟು ಏರಿತೋ ಯಾರಿಗೆ ಗೊತ್ತು?

ರಜೆಯಲ್ಲಿ ಹಳ್ಳ, ತೊರೆ, ಜಲಪಾತದ ಕಡೆ ಹೋದರೆ ನೀರಿನ ಮೇಲೆ ಒಂದು ಕಣ್ಣಿಟ್ಟಿರಿ. ತಿಳಿಯಾಗಿದ್ದ ನೀರು ಕದಡುತ್ತದೆ. ಎಲೆ, ಕಡ್ಡಿ, ನೊರೆ ತೇಲಿಬರುತ್ತವೆ. ನೀವು ಕೂತ ಬಂಡೆಯ ಒಣಗಿದ ಅಂಚು ಒದ್ದೆಯಾಗುತ್ತದೆ, ಮೇಲಿನಿಂದ ಗುಡುಗುಡು ಸದ್ದು ಕೇಳುತ್ತದೆ. ಆಗ ಚಪ್ಪಲಿ, ಬ್ಯಾಗು ಅಂತ ಹುಡುಕುತ್ತಾ ನಿಲ್ಲಬೇಡಿ. ಮಕ್ಕಳ ಕೈ ಹಿಡಿದು ದಡದ ಎತ್ತರಕ್ಕೆ ಹತ್ತಿಬಿಡಿ. ಹಳ್ಳದ ಉದ್ದಕ್ಕೆ ಓಡಿದರೆ ನೀರೇ ಗೆಲ್ಲುತ್ತದೆ. ಈ ಯಾವ ಸುಳಿವೂ ಕೊಡದೆ ನೀರು ಬರುವುದೂ ಉಂಟು, ಹಾಗಾಗಿ ಮೇಲ್ಭಾಗದಲ್ಲಿ ಮೋಡ ಕಟ್ಟಿದ್ದರೆ ಸುಮ್ನೆ ನೀರಿಗೆ ಇಳಿಯಲೇಬೇಡಿ.

ಮೇಲಿನ ಮಹಡಿಗೆ ಹತ್ತುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸುತ್ತೇವೆ. ಕುಡಿಯುವ ನೀರು, ತಿಂಡಿ, ಟಾರ್ಚ್, ಹೊದಿಕೆ ಅಲ್ಲೇ ಇರುತ್ತವೆ. ಮಗುವಿಗೆ ದಿನವೂ ಔಷಧಿ ಬೇಕಿದ್ದರೆ ಒಂದು ದಿನಕ್ಕಾಗುವಷ್ಟು, ಹೆಸರು ಬರೆದು ತರಗತಿ ಶಿಕ್ಷಕರ ಕೈಗೆ ಕೊಡಿ. ನಿಮ್ಮ ಫೋನ್ ನಂಬರ್ ಬದಲಾಗಿದ್ದರೆ ಈ ವಾರವೇ ಕಚೇರಿಗೆ ತಿಳಿಸಿ. ನೀವು ಸಿಗದಿದ್ದರೆ ಸುದ್ದಿ ಮುಟ್ಟಿಸಲು ಹತ್ತಿರದವರೊಬ್ಬರ ನಂಬರನ್ನೂ ಬರೆದುಕೊಡಿ. ಅಂಥ ದಿನ ಪ್ರತಿ ಮನೆಗೂ ನಾವೇ ಫೋನ್ ಮಾಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ