ತೋಪಿನವರಿಗೆ ಅಂಕಿ ಕೊಡುವ ಕೆಲಸ

ಪ್ರೀತಿಯ ಸಿಂಧು,

ಅಮೆರಿಕದ ಅರೆಕಾಲಿಕ ಸೇನೆಯಾದ ಆರ್ಮಿ ನ್ಯಾಷನಲ್ ಗಾರ್ಡ್‌ನಲ್ಲಿ 13ಜೆ ಕೆಲಸಕ್ಕೆ, ಅಂದರೆ ಫಿರಂಗಿ ತೋಪುಗಳಿಗೆ ಗುರಿಯ ಲೆಕ್ಕ ಹಾಕಿಕೊಡುವ ಹುದ್ದೆಗೆ, ಸೇರಬೇಕು ಅಂತಿದ್ದೀಯ ಅಂತ ತಿಳಿಯಿತು. ನಿನ್ನ ಪತ್ರಕ್ಕಿಂತ ಮೊದಲು ನಿಮ್ಮಮ್ಮನ ಫೋನ್ ಬಂತು. "ನೀನಾದರೂ ಬುದ್ಧಿ ಹೇಳು" ಅಂದಳು. ನಾನೇ ಆ ಫಿರಂಗಿ ಪಡೆಯಲ್ಲಿ ವರ್ಷಗಟ್ಟಲೆ ವಾರಾಂತ್ಯ ಕಳೆದವನು, ಬೇಡ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ರಿಕ್ರೂಟರ್ ಹೇಳದೆ ಬಿಡುವ ಕೆಲವು ಮಾತುಗಳಿವೆ. ಅವನ್ನು ಬರೆಯುತ್ತೇನೆ.

ಮೊದಲು ಕೆಲಸದ ಮಾತು. ಅಬ್ಸರ್ವರ್ ಎಲ್ಲೋ ಮುಂದೆ ಕೂತು ರೇಡಿಯೋದಲ್ಲಿ ಗುರಿಯ ಜಾಗ ಹೇಳುತ್ತಾನೆ. ಹಿಂದಿರುವ ತೋಪಿನವರಿಗೆ ಸಾಮಾನ್ಯವಾಗಿ ಗುರಿ ಕಾಣುವುದೇ ಇಲ್ಲ. ಇಬ್ಬರ ನಡುವೆ ಕೂರುವವರು ನೀವು, ಫೈರ್ ಡೈರೆಕ್ಷನ್ ಸೆಂಟರ್‌ನವರು. ನಳಿಗೆ ಯಾವ ಕಡೆ ತಿರುಗಬೇಕು, ಎಷ್ಟು ಏರಬೇಕು, ಎಷ್ಟು ಮದ್ದು, ಗುಂಡನ್ನು ಸಿಡಿಸುವ ಫ್ಯೂಜ್ ಯಾವುದು, ಎಲ್ಲ ಅಂಕಿ ನಿಮ್ಮಿಂದಲೇ ಹೋಗಬೇಕು. ಲೆಕ್ಕವನ್ನು ಎಎಫ್‌ಎಟಿಡಿಎಸ್ ಅನ್ನುವ ಕಂಪ್ಯೂಟರ್ ಮಾಡುತ್ತದೆ. ನೀನು ಸಾಫ್ಟ್‌ವೇರ್‌ನವಳು, ಒಂದು ವಾರದಲ್ಲಿ ಅದರ ಮೆನುಗಳೆಲ್ಲ ಕೈಗೆ ಹತ್ತುತ್ತವೆ. ನನಗೆ ಭಯ ಇರುವುದೂ ಅಲ್ಲೇ.

ಆ ಯಂತ್ರ ನೀನು ಕೊಟ್ಟಿದ್ದನ್ನೆಲ್ಲ ನಂಬುತ್ತದೆ. ನಕ್ಷೆಯಲ್ಲಿ ಜಾಗ ಹೇಳುವ ಎಂಟು ಅಂಕಿಯ ಗ್ರಿಡ್‌ನಲ್ಲಿ ಮೊದಲ ನಾಲ್ಕು ಅಂಕಿ ಪೂರ್ವಕ್ಕೆ, ಉಳಿದ ನಾಲ್ಕು ಉತ್ತರಕ್ಕೆ. ಒಂದೊಂದು ಘಟಕವೂ 10 ಮೀಟರ್. ಅಬ್ಸರ್ವರ್ 3471 ಅಂದಿದ್ದನ್ನು ನೀನು 3741 ಅಂತ ಹೊಡೆದೆ ಅಂತಿಟ್ಟುಕೋ. ಎರಡು ಅಂಕಿ ಅದಲು ಬದಲು, ಅಷ್ಟೇ. ಗುಂಡು 2.7 ಕಿಲೋಮೀಟರ್ ಆಚೆ ಬೀಳುತ್ತದೆ. ಅಲ್ಲಿ ಯಾರಿದ್ದಾರೆ ಅಂತ ಯಂತ್ರಕ್ಕೇನು ಗೊತ್ತು? ಕೋನದಲ್ಲೂ ಅದೇ ಕಥೆ. ಫಿರಂಗಿಯವರು ವೃತ್ತವನ್ನು 6400 ಮಿಲ್ ಅಂತ ಭಾಗ ಮಾಡುತ್ತಾರೆ. 15 ಕಿಲೋಮೀಟರ್ ದೂರದಲ್ಲಿ ಒಂದೇ ಒಂದು ಮಿಲ್ ತಪ್ಪಿದರೂ ಗುಂಡು ಹೆಚ್ಚುಕಡಿಮೆ 15 ಮೀಟರ್ ಪಕ್ಕಕ್ಕೆ ಹೋಗುತ್ತದೆ.

ಇದರ ಮೇಲೆ ಗಾಳಿ, ಮದ್ದಿನ ಉಷ್ಣತೆ, ನಳಿಗೆಯ ಸವೆತ, ಗುಂಡಿನ ತೂಕ ಎಲ್ಲ ಬೇಕು. 155 ಮಿಲಿಮೀಟರ್ ಗುಂಡಿನ ಮೈಮೇಲೆ ಚೌಕಗಳ ಗುರುತು ಇರುತ್ತದೆ ನೋಡು. ನಾಲ್ಕು ಚೌಕ ಅಂದರೆ ಮಾಮೂಲಿ ತೂಕ. ಚೌಕ ಜಾಸ್ತಿ ಆದರೆ ತೂಕ ಜಾಸ್ತಿ, ಲೆಕ್ಕ ಬೇರೆ. ತೋಪಿನ ಬಳಿ ಯಾರೋ ಮಳೆಯಲ್ಲಿ ನೆನೆಯುತ್ತಾ, ನೋಡದೆ "ನಾಲ್ಕು" ಅಂತ ಹೇಳಿಬಿಟ್ಟರೆ ನಿನ್ನ ಪರದೆಯಲ್ಲಿ ಅದು ಸರಿಯಾಗೇ ಕಾಣುತ್ತದೆ. ಆ ಧ್ವನಿಯಲ್ಲಿ ಅನುಮಾನ ಇದ್ದರೆ ಇನ್ನೊಮ್ಮೆ ಕೇಳು. ಬೈದರೆ ಬೈಯಲಿ.

ಹಾಗಾಗಿ ಚಾರ್ಟ್, ಟೇಬಲ್ ಇಟ್ಟುಕೊಂಡು ಕೈಯಲ್ಲಿ ಲೆಕ್ಕ ಮಾಡುವುದನ್ನು ಕಲಿ. ಈಗ ಅದು ಯಾಕೆ ಅಂತ ಹುಡುಗರು ಗೊಣಗುತ್ತಾರೆ. ಉತ್ತರ ಸುಮಾರಾಗಿ ಎಷ್ಟು ಬರಬೇಕು ಅಂತ ತಲೆಯಲ್ಲೇ ಗೊತ್ತಿದ್ದವಳು ಮಾತ್ರ ಪರದೆಯ ತಪ್ಪನ್ನು ಹಿಡಿಯುತ್ತಾಳೆ. ಅಂದಹಾಗೆ, 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರನ್ನು ಅಮೆರಿಕದ ಸೇನೆ ಕಟ್ಟಿಸಿದ್ದೇ ಫಿರಂಗಿಯ ಫೈರಿಂಗ್ ಟೇಬಲ್, ಅಂದರೆ ಗುರಿಯ ಲೆಕ್ಕದ ಕೋಷ್ಟಕ, ತಯಾರಿಸುವುದಕ್ಕೆ. ಮೊಟ್ಟಮೊದಲಿಗೆ ಆ ಯಂತ್ರಕ್ಕೆ ಪ್ರೋಗ್ರಾಂ ಮಾಡಿದವರು ಆರು ಜನ ಹೆಂಗಸರು. ಇದು ಗಂಡಸರ ಕೆಲಸ ಅಂತ ಯಾರಾದರೂ ನಿನಗೆ ಹೇಳಿದರೆ ಸುಮ್ನೆ ಇದನ್ನು ಹೇಳು.

ತಿಂಗಳಿಗೆ ಒಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ. ಕೇಳೋಕೆ ಹಗುರ ಅಲ್ವಾ? ಶನಿವಾರ ಬೆಳಗ್ಗೆ ಹೋದರೆ ಯಂತ್ರ ಎಬ್ಬಿಸಿ, ರೇಡಿಯೋ ಹೊಂದಿಸಿ, ಮರೆತ ಪಾಸ್‌ವರ್ಡ್ ಸರಿ ಮಾಡಿಸಿಕೊಳ್ಳುವ ಹೊತ್ತಿಗೆ ಊಟದ ಸಮಯ. ಉಳಿದ ಹೊತ್ತಲ್ಲಿ ಒಂದಷ್ಟನ್ನು ಲಸಿಕೆ ಮತ್ತು ಫಾರಂ ನುಂಗುತ್ತವೆ. ನಿಜವಾದ ಅಭ್ಯಾಸಕ್ಕೆ ಸಿಗುವುದು ಕೆಲವೇ ಗಂಟೆ. ಆದರೆ ಬೇಸಿಗೆ ಶಿಬಿರದಲ್ಲಿ ಹಾರುವ ಗುಂಡು, ಪೂರ್ಣಾವಧಿ ಸೈನಿಕರು ಹಾರಿಸುವ ಅದೇ ಗುಂಡು. ಗನ್ನರಿಯ ಕೈಪಿಡಿ ಎಲ್ಲರಿಗೂ ಸಿಗುತ್ತದೆ. ವಾರದಲ್ಲಿ ಒಂದು ಸಂಜೆ ಅದನ್ನು ಹಿಡಿದು ಎರಡು ಲೆಕ್ಕ ಬಿಡಿಸು. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಏನೋ ಅಪಾಯ ಕಂಡರೆ "ಚೆಕ್ ಫೈರಿಂಗ್", ಅಂದರೆ ಗುಂಡು ಹಾರಿಸುವುದನ್ನು ನಿಲ್ಲಿಸಿ, ಅಂತ ಕೂಗುವ ಹಕ್ಕು ಅಲ್ಲಿರುವ ಎಲ್ಲರಿಗೂ ಇದೆ, ನಿನ್ನೆ ಮೊನ್ನೆ ಬಂದವಳಿಗೂ. ಕೂಗಿದ ತಕ್ಷಣ ಎಲ್ಲ ನಿಲ್ಲಬೇಕು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ದೊಡ್ಡವರ ಎದುರು ಮೆಲ್ಲಗೆ ಮಾತಾಡಿಸಿ ಬೆಳೆಸುತ್ತೇವೆ. ಆ ಅಭ್ಯಾಸವನ್ನು ಡೇರೆಯ ಹೊರಗೆ ಬಿಟ್ಟು ಹೋಗು.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ. ಒಂದು ವಾರಾಂತ್ಯಕ್ಕೆ ಸಾಮಾನ್ಯವಾಗಿ ನಾಲ್ಕು ಡ್ರಿಲ್ (ತರಬೇತಿ ಅವಧಿ) ಲೆಕ್ಕ, ಅಂದರೆ ನಾಲ್ಕು ದಿನದ ಮೂಲ ವೇತನ. ಹೊಸ ಸೈನಿಕಳಿಗೆ ಅದರಿಂದ ಮನೆ ನಡೆಯುವುದಿಲ್ಲ. ಓದಿನ ಖರ್ಚು, ಆರೋಗ್ಯ ವಿಮೆ, 20 ವರ್ಷ ಪೂರೈಸಿದರೆ ಪಿಂಚಣಿ, ಇವೇ ನಿಜವಾದ ಲಾಭ.

ನಿನ್ನ ಕಂಪನಿಗೆ ಮೊದಲೇ ಹೇಳು. 1994ರ ಯುಸೆರಾ ಕಾನೂನು ಕೆಲಸವನ್ನು ಕಾಪಾಡುತ್ತದೆ, ಆದರೆ ಹೋದ ದಿನಗಳ ಸಂಬಳ ಕೊಡಲೇಬೇಕು ಅನ್ನುವುದಿಲ್ಲ. ಮೇಲೆ ಸಹಿಸಿಕೊಂಡು ಒಳಗೊಳಗೇ ಕೋಪ ಮಾಡಿಕೊಳ್ಳುವ ಮ್ಯಾನೇಜರ್‌ಗೆ ಯಾವ ಕಾನೂನೂ ಮದ್ದಲ್ಲ. ವರ್ಷದ ಡ್ರಿಲ್ ಪಟ್ಟಿ ಬಂದ ದಿನವೇ ಕಳಿಸಿಬಿಡು.

ಗಾರ್ಡ್‌ಗೆ ಇಬ್ಬರು ಯಜಮಾನರು, ರಾಜ್ಯಪಾಲ ಮತ್ತು ಅಧ್ಯಕ್ಷ. ಪ್ರವಾಹ ಬಂದರೆ ರಾಜ್ಯಪಾಲರು ಕರೆದು ಮರಳಿನ ಚೀಲ ಹೊರಿಸುತ್ತಾರೆ. ಅಧ್ಯಕ್ಷರು ಕರೆದರೆ ತಿಂಗಳುಗಟ್ಟಲೆ ಬೇರೆ ದೇಶ. ಇರಾಕ್ ಯುದ್ಧದಲ್ಲಿ ಗಾರ್ಡ್‌ನ ಎಷ್ಟೋ ಫಿರಂಗಿ ತುಕಡಿಗಳನ್ನು ತೋಪು ಬಿಡಿಸಿ ಮಿಲಿಟರಿ ಪೊಲೀಸ್ ಕೆಲಸಕ್ಕೆ ಹಾಕಿದರು. ಕಲಿತ ಕೆಲಸವೇ ಸಿಗುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ಇದನ್ನು ನಿಮ್ಮಮ್ಮನಿಂದ ಮುಚ್ಚಿಡಬೇಡ. ನೀನೇ ಕೂತು ಹೇಳು, ಯುದ್ಧಕ್ಕೆ ಹೋಗುವ ಸಾಧ್ಯತೆ ಇದೆ ಅಂತಲೇ ಹೇಳು.

ರಹಸ್ಯ ಮಾಹಿತಿ ನೋಡಲು ಅನುಮತಿ ಕೊಡುವ ಸೆಕ್ಯುರಿಟಿ ಕ್ಲಿಯರೆನ್ಸ್‌ನ ಫಾರಂ ನಮ್ಮಂಥವರಿಗೆ ಸ್ವಲ್ಪ ಉದ್ದ. ಭಾರತದಲ್ಲಿರುವ ಹತ್ತಿರದ ನೆಂಟರು, ಕಳೆದ ಏಳು ವರ್ಷದ ಪ್ರಯಾಣ, ಅಲ್ಲಿನ ಬ್ಯಾಂಕ್ ಖಾತೆ, ಆಸ್ತಿ ಎಲ್ಲ ಕೇಳುತ್ತಾರೆ. ಅಜ್ಜಿ ನಿನ್ನ ಹೆಸರಲ್ಲಿ ಸೈಟ್ ಇಟ್ಟಿದ್ದಾರಲ್ಲ, ಅದನ್ನೂ ಬರೆ. ಊರಲ್ಲಿ ಆಸ್ತಿ ಇರುವುದು ಅಪರಾಧವಲ್ಲ. ಮುಚ್ಚಿಟ್ಟರೆ ಮಾತ್ರ ತೊಂದರೆ.

ಕಿವಿಗೆ ಪ್ಲಗ್ ಹಾಕು, ತೋಪಿನಿಂದ ದೂರ ಇದ್ದೇನೆ ಅಂತ ಉದಾಸೀನ ಮಾಡಬೇಡ. ನಿವೃತ್ತ ಸೈನಿಕರು ಪರಿಹಾರ ಪಡೆಯುವ ತೊಂದರೆಗಳಲ್ಲಿ ಮೊದಲನೆಯದು ಕಿವಿಯೊಳಗಿನ ಗುಂಯ್ ಸದ್ದು.

ಕೊನೆಗೆ ಕಾಗದ. ಒಪ್ಪಂದ ಆರು ವರ್ಷ ಅಂದರೂ ಒಟ್ಟು ಬಾಧ್ಯತೆ ಎಂಟು ವರ್ಷ, ಉಳಿದದ್ದನ್ನು ಡ್ರಿಲ್ ಇಲ್ಲದ ಮೀಸಲು ಪಟ್ಟಿಯಲ್ಲಿ ಕಳೆಯಬಹುದು. ಬೋನಸ್, ಓದಿನ ಸಹಾಯ, 13ಜೆ ಅನ್ನುವ ಹುದ್ದೆ, ಎಲ್ಲವೂ ಬರಹದಲ್ಲಿ ಇರಬೇಕು. "ಆಮೇಲೆ ಮಾಡಿಕೊಡ್ತೀವಿ" ಅನ್ನುವುದನ್ನು ಇಲ್ಲ ಅಂತಲೇ ತಿಳಿ. ನಿನ್ನ ತುಕಡಿ ಎಷ್ಟು ದೂರದಲ್ಲಿದೆ ಅಂತಲೂ ಕೇಳು. ನಾಳೆ ಬೇರೆ ರಾಜ್ಯಕ್ಕೆ ಹೋದರೆ ಹತ್ತಿರದಲ್ಲಿ ಫಿರಂಗಿ ತುಕಡಿಯೇ ಇಲ್ಲದಿರಬಹುದು.

ಸಹಿ ಹಾಕುವ ಮುಂಚೆ ಎಲ್ಲ ಪುಟಗಳ ಪ್ರತಿ ನನಗೆ ಕಳಿಸು, ಅನುಬಂಧಗಳನ್ನೂ ಸೇರಿಸಿ. ಓದಿ ಎರಡು ದಿನದಲ್ಲಿ ಫೋನ್ ಮಾಡುತ್ತೇನೆ.

ಪ್ರೀತಿಯಿಂದ,
ನಿನ್ನ ಸೋದರಮಾವ