ಹಿಮ್ಮಡಿಯ ಕಪ್ಪು ಮಚ್ಚೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಶಂಕರಪುರದವಳು. ನಮ್ಮದು ಮಲ್ಲಿಗೆ ಬೆಳೆಯುವ ಮನೆ. ಅಮ್ಮ ಬೆಳಕು ಹರಿಯುವ ಮೊದಲೇ ಬರಿಗಾಲಲ್ಲಿ ಗಿಡಗಳ ನಡುವೆ ಓಡಾಡಿ ಮೊಗ್ಗು ಕೊಯ್ಯುತ್ತಿದ್ದರು. ಅವರ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಕಂಡಾಗ ಮುಳ್ಳು ಚುಚ್ಚಿರಬೇಕು ಅಂದುಕೊಂಡೆವು. ಆಮೇಲೆ ಆಣಿ ಅಂದುಕೊಂಡು ಮೆಡಿಕಲ್‌ನಿಂದ ಪಟ್ಟಿ ತಂದು ಅಂಟಿಸಿದೆವು. ನಾಗದೋಷ ಇರಬಹುದು ಎಂದು ಯಾರೋ ಹೇಳಿದರು. ಆಶ್ಲೇಷ ಬಲಿಯನ್ನೂ ಮಾಡಿಸಿದೆವು. ಆ ನಂಬಿಕೆಯ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಬೇಸರ ಇರುವುದು ಆಮೇಲೆ ಆದದ್ದರ ಬಗ್ಗೆ. ಒಂದು ಕ್ಲಿನಿಕ್‌ನಲ್ಲಿ ಮಚ್ಚೆಯನ್ನು ಕತ್ತರಿಸಿ, ಉಳಿದದ್ದನ್ನು ಸುಟ್ಟರು. ಕತ್ತರಿಸಿದ ತುಂಡು ಕಸದ ಬುಟ್ಟಿಗೆ ಹೋಯಿತು. ಅದನ್ನು ಪರೀಕ್ಷೆಗೆ ಕಳಿಸಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಒಂದೂವರೆ ವರ್ಷದ ಮೇಲೆ ತೊಡೆಸಂದಿನಲ್ಲಿ ಗಂಟು ಬಂತು. ಬಯಾಪ್ಸಿ ಮಾಡಿದಾಗ ಗೊತ್ತಾಯಿತು, ಹಿಮ್ಮಡಿಯಿಂದ ಹರಡಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್. ಅಮ್ಮ ಈಗ ಇಲ್ಲ.

ಮೆಲನೋಮಾ ಅಂದರೆ ಬಿಸಿಲಲ್ಲಿ ಮಲಗುವ ಬಿಳಿ ಚರ್ಮದವರ ಕ್ಯಾನ್ಸರ್ ಅಲ್ವಾ ಎಂದು ನಾನು ಡಾಕ್ಟರನ್ನು ಕೇಳಿದ್ದೆ. ನಮ್ಮಂಥ ಕಪ್ಪು, ಕಂದು ಚರ್ಮದವರಲ್ಲಿ ಅದು ಜಾಸ್ತಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಂತೆ. ಬಿಸಿಲಿಗೂ ಅದಕ್ಕೂ ದೊಡ್ಡ ಸಂಬಂಧವಿಲ್ಲ. 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡ ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೂ ಇದು ಶುರುವಾದದ್ದು ಕಾಲ್ಬೆರಳ ಉಗುರಿನಡಿ.

ಈ ವ್ಯತ್ಯಾಸ ಔಷಧಿಗೂ ಮುಟ್ಟುತ್ತದೆ. 2011ರಿಂದ ಈಚೆಗೆ ಮೆಲನೋಮಾಗೆ ಒಳ್ಳೆಯ ಹೊಸ ಔಷಧಿಗಳು ಬಂದಿವೆ. ಅವುಗಳಲ್ಲಿ ಕೆಲವು ಬಿಆರ್‌ಎಎಫ್ ಎಂಬ ಜೀನ್ ಕೆಟ್ಟಿದ್ದರೆ ಮಾತ್ರ ನಾಟುತ್ತವೆ. ಬಿಳಿಯರ ಚರ್ಮದ ಮೆಲನೋಮಾದಲ್ಲಿ ಸುಮಾರು ಅರ್ಧದಷ್ಟರಲ್ಲಿ ಆ ಕೆಟ್ಟ ಜೀನ್ ಸಿಗುತ್ತದೆ. ಅಂಗಾಲಿನದ್ದರಲ್ಲಿ ತುಂಬಾ ಕಡಿಮೆ. ಪ್ರಯೋಗಗಳೆಲ್ಲ ಹೆಚ್ಚಾಗಿ ಅವರ ಮೇಲೆ ನಡೆದರೆ ನಮ್ಮ ಕಾಲಿಗೆ ಯಾವ ಮದ್ದು ಎಂದು ಹೇಳುವವರು ಯಾರು?

ನಮ್ಮ ದೇಶದಲ್ಲಿ ಈ ಕಾಯಿಲೆ ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೂ ಬರುವುದಿಲ್ಲ. ಹಾಗಾಗಿ ಒಂದೇ ಆಸ್ಪತ್ರೆ ಎಷ್ಟು ಕಾದರೂ ಸಂಶೋಧನೆಗೆ ಬೇಕಾದಷ್ಟು ರೋಗಿಗಳು ಸಿಗುವುದಿಲ್ಲ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ, ಮಂಗಳೂರಿನಲ್ಲಂತೂ ಹಲವು ಇವೆ. ಇಂಥ ರೋಗಿಗಳ ವಿವರ ಬರೆದಿಡಲು ಕರಾವಳಿಯ ಎಲ್ಲ ಆಸ್ಪತ್ರೆಗಳಿಗೂ ಸೇರಿ ಒಂದೇ ರಿಜಿಸ್ಟರ್ ಮಾಡಿಸಿ. ಇದರಂತೆಯೇ ಅಪರೂಪದ, ಮುಟ್ಟಿದರೆ ಚರ್ಮ ಸುಲಿದು ಬೊಬ್ಬೆ ಏಳುವ ಮಕ್ಕಳ ಕಾಯಿಲೆಯೂ ಅದರಲ್ಲಿ ಸೇರಲಿ. ಆ ಕಾಯಿಲೆಯ ಒಂದು ಬಗೆಗೆ ಗಾಯಕ್ಕೆ ಹಚ್ಚುವ ಜೀನ್ ಚಿಕಿತ್ಸೆಯ ಜೆಲ್‌ಗೆ ಅಮೆರಿಕದಲ್ಲಿ 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ಇಲ್ಲಿನ ಯಾವ ಮಗುವಿಗೆ ಯಾವ ಬಗೆ ಇದೆ ಎಂದು ಮೊದಲು ಗೊತ್ತಾಗಬೇಕಲ್ಲ.

ಎಲ್ಲಕ್ಕಿಂತ ಮೊದಲು ಒಂದು ಆದೇಶ ಬೇಕು. ಕೈಕಾಲಿನಿಂದ ತೆಗೆದ ಯಾವ ಕಪ್ಪು ಮಚ್ಚೆಯೂ ಪರೀಕ್ಷೆ ಇಲ್ಲದೆ ಕಸಕ್ಕೆ ಹೋಗಬಾರದು. ಮೆಲನೋಮಾ ಎಷ್ಟು ಮಿಲಿಮೀಟರ್ ಆಳ ಇಳಿದಿದೆ ಎನ್ನುವುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿರುತ್ತದೆ. ಸುಟ್ಟ ಮೇಲೆ ಅಳೆಯಲು ಏನು ಉಳಿಯುತ್ತದೆ? ಪರೀಕ್ಷೆಯ ಖರ್ಚನ್ನು ಬಡವರಿಗೆ ಸರ್ಕಾರವೇ ಕೊಡಲಿ.

"ನಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಎಂಬ ಹೆದರಿಕೆ ನಮ್ಮೂರಲ್ಲಿ ಇದೆ. ಸುಮ್ನೆ ಹುಟ್ಟಿದ ಹೆದರಿಕೆಯಲ್ಲ ಅದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮದಲ್ಲಿದೆ. ಅದನ್ನು ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಕೂತು ವಿವರಿಸುವವರನ್ನು ನೇಮಿಸಿ. ಬಸ್ಸಿನ ಖರ್ಚು, ಆ ದಿನದ ಕೂಲಿ ಕೊಡಿಸಿ. ಜನ ಬರುತ್ತಾರೆ.

ಅಮ್ಮನ ವರದಿಗಳೆಲ್ಲ ನನ್ನ ಹತ್ತಿರ ಒಂದು ಫೈಲಿನಲ್ಲಿವೆ. ರಿಜಿಸ್ಟರ್ ಶುರುವಾದ ದಿನ ತಂದು ಕೊಡುತ್ತೇನೆ.

ಇತಿ,
ಶಂಕರಪುರದ ಒಬ್ಬ ಮಗಳು